ಡ್ಯಾಶ್‌ಬೋರ್ಡ್ ಬಿಚ್ಚದೆ ಕೂಲಿಂಗ್ ಕಾಯಿಲ್ ಬದಲಿಸಿದ ನನ್ನ ಅನುಭವ

ನನ್ನ 2008ರ ಆಲ್ಟೊ ಕಾರಿನ ಎಸಿಯಲ್ಲಿ ಗಾಳಿಯನ್ನು ತಣಿಸುವ ಕೂಲಿಂಗ್ ಕಾಯಿಲನ್ನು ಡ್ಯಾಶ್‌ಬೋರ್ಡ್ ಬಿಚ್ಚದೆ, ಬಾಗಲಕೋಟೆಯ ನವನಗರದ ನಮ್ಮ ಮನೆಯಂಗಳದಲ್ಲಿಯೇ ಬದಲಿಸಿದ್ದೇನೆ. ಎರಡು ಬೇಸಿಗೆ ಕಳೆದರೂ ಗ್ಯಾಸ್ ಇಳಿದಿಲ್ಲವಾದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಕೆಲಸಕ್ಕೆ ಕೈಹಚ್ಚುವ ಮೊದಲು ಮೂವರು ಮೆಕ್ಯಾನಿಕರನ್ನು ವಿಚಾರಿಸಿದ್ದೆ. ಅವರಲ್ಲಿ ಹಿರಿಯರಾದವರು, “ಸರ್, ಡ್ಯಾಶ್‌ಬೋರ್ಡ್ ಇಳಿಸಲಾರದ ಆ ಮ್ಯಾಲಿನ ನಟ್ಟಿಗೆ ಕೈ ಹೋಗಂಗಿಲ್ರಿ. ಹೋದ್ರೂ ಹೊಳ್ಳಿ ಬರಂಗಿಲ್ಲ” ಎಂದು ನಕ್ಕಿದ್ದರು. ಎಲ್ಲ ಸೇರಿ ಸುಮಾರು 9,500 ರೂಪಾಯಿ ಹೇಳಿದರು. ಹಣಕ್ಕಿಂತಲೂ, ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡ್ ಮುಂದೆ ಪ್ರತಿ ತಗ್ಗಿನಲ್ಲೂ ಕಟಕಟ ಎನ್ನುತ್ತದೆಂಬ ಅಂಜಿಕೆಯೇ ನನ್ನನ್ನು ಹಿಂದೆ ಎಳೆಯಿತು.

ಅದಕ್ಕೂ ಮುಂಚೆ ಒಂದೂವರೆ ವರ್ಷದಲ್ಲಿ ಮೂರು ಸಲ ಗ್ಯಾಸ್ ತುಂಬಿಸಿ 3,600 ರೂಪಾಯಿಯಷ್ಟು ಗಾಳಿಗೆ ಬಿಟ್ಟಿದ್ದೆ. ಸೋರಿಕೆ ಮುಚ್ಚುತ್ತದೆಂದು ಮಾರುವ ಡಬ್ಬಿಗೆ ಹಾಕಿದ 600 ರೂಪಾಯಿ ಅದರ ಮೇಲಿನ ದಂಡ. ಬಾನೆಟ್ ಕೆಳಗಿನ ಎಸಿ ಭಾಗಗಳಾದ ಕಂಡೆನ್ಸರ್, ಪೈಪು, ಕಂಪ್ರೆಸರ್ ಎಲ್ಲದಕ್ಕೂ ಸಾಬೂನಿನ ನೊರೆ ಹಚ್ಚಿ ನೋಡಿದಾಗ ಎಲ್ಲಿಯೂ ಗುಳ್ಳೆ ಬರಲಿಲ್ಲ. ಕೊನೆಗೆ ಕಾಯಿಲಿನ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುವ ರಬ್ಬರ್ ನಳಿಕೆಯೊಳಗೆ ಬೆರಳು ತೂರಿಸಿದಾಗ ಕಂಪ್ರೆಸರ್ ಎಣ್ಣೆಯ ಜಿಡ್ಡು ಅಂಟಿಕೊಂಡು ಬಂತು. ಕಾಯಿಲ್ ತೂತಾಗಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮೊದಲನೆಯ ಭಾನುವಾರ ಪೂರ್ತಿ ಹಾಳಾಯಿತು. ವ್ಯವಸ್ಥೆಯಲ್ಲಿ ಗ್ಯಾಸ್ ಉಳಿದಿಲ್ಲವೆಂದು ಗೇಜಿನಲ್ಲಿ ಖಚಿತಪಡಿಸಿಕೊಂಡು, ಬಾನೆಟ್ ಕಡೆಯಿಂದ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಬಳಿಯ ಎರಡು ಪೈಪುಗಳನ್ನು ಬಿಡಿಸಲು ಹೋದೆ. ಅವಸರದಲ್ಲಿ ಒಂದೇ ಸ್ಪ್ಯಾನರ್ ಹಾಕಿ ತಿರುಗಿಸಿದ್ದರಿಂದ ನಟ್ಟಿನ ಜೊತೆಗೆ ಅಲ್ಯೂಮಿನಿಯಂ ಪೈಪು ಕೂಡ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತು. 800 ರೂಪಾಯಿಯ ಈ ಪಾಠವನ್ನು ನಾನು ಮೊದಲೇ ಬಲ್ಲೆನೆಂದು ತಿಳಿದಿದ್ದೆ. ಒಂದು ಸ್ಪ್ಯಾನರಿನಿಂದ ಹಿಡಿದು ಇನ್ನೊಂದರಿಂದ ತಿರುಗಿಸಬೇಕೆಂದು ಊರಿಗೆಲ್ಲ ಹೇಳುವವನು ನಾನೇ.

ಗ್ಲೋವ್‌ಬಾಕ್ಸ್ ತೆಗೆದ ಮೇಲೆ ಕಾಯಿಲಿನ ಕಪ್ಪು ಪೆಟ್ಟಿಗೆ ಕಣ್ಣಿಗೇನೋ ಬೀಳುತ್ತದೆ, ಆದರೆ ಅದನ್ನು ಹಿಡಿದಿಟ್ಟ ಹತ್ತರ ಅಳತೆಯ ಮೇಲಿನ ನಟ್ಟು ಮಾತ್ರ ಕಾಣುವುದಿಲ್ಲ. ಮನೆಯವರ ಕುಂಕುಮದ ಪೆಟ್ಟಿಗೆಯ ಕನ್ನಡಿಯನ್ನು ಕಡ್ಡಿಗೆ ಕಟ್ಟಿ, ಟಾರ್ಚಿನ ಬೆಳಕು ಬಿಟ್ಟಾಗ ವೈರಿಂಗಿನ ಕಟ್ಟಿನ ಹಿಂದೆ ಅದರ ಅರ್ಧ ಮುಖ ಹೊಳೆಯಿತು. ಬಳೆಗಾರ ಕೈ ಹಿಂಡಿ ಬಳೆ ಇಡಿಸುವಂತೆ ಮಣಿಕಟ್ಟಿಗೆ ಸಾಬೂನು ಸವರಿಕೊಂಡು ಕೈ ತೂರಿಸಿದೆ. ನಟ್ಟು ಸಡಿಲಾಯಿತು, ಬೆರಳಿಗೆ ಬಂತು, ಅಲ್ಲಿಂದ ಜಾರಿ ನೇರವಾಗಿ ಬ್ಲೋವರಿನೊಳಗೆ ಬಿತ್ತು. ಫ್ಯಾನ್ ಹಾಕಿದರೆ ಡಬ್ಬಿಯಲ್ಲಿ ಕಡಲೆ ಕಾಳು ಅಲ್ಲಾಡಿಸಿದ ಸದ್ದು. ಬ್ಲೋವರ್ ಮೋಟಾರ್ ಇಳಿಸಿದ ಮೇಲೆ, ಹನ್ನೆರಡು ವರ್ಷದ ನನ್ನ ತಂಗಿಯ ಮಗ ತನ್ನ ಸಣ್ಣ ಕೈ ಹಾಕಿ, “ಮಾಮಾ, ಸಿಕ್ತು ನೋಡ್ರಿ” ಎಂದ.

ಆ ನಟ್ಟನ್ನು ಮರಳಿ ಕೂಡಿಸಲು ನಾನೊಂದು ಹಳೆಯ ರಿಂಗ್ ಸ್ಪ್ಯಾನರನ್ನು ಕಾಯಿಸಿ ಬಗ್ಗಿಸಿಕೊಂಡಿದ್ದೇನೆ. ಎಲ್ಲಿ ಎಷ್ಟು ಬಗ್ಗಿಸಬೇಕೆಂಬುದು ನನ್ನಲ್ಲಿಯೇ ಇರಲಿ; ಮನೆಗೆ ಬಂದವರಿಗೆ ತೋರಿಸುತ್ತೇನೆ. ಬ್ಲೋವರಿನ ಪೆಟ್ಟಿಗೆಯನ್ನು ಪೂರ್ತಿ ಹೊರತೆಗೆಯದೆ ಎಡಕ್ಕೆ ನಾಲ್ಕು ಬೆರಳಷ್ಟು ಸರಿಸಿದರೆ ಕಾಯಿಲಿನ ಪೆಟ್ಟಿಗೆ ಓರೆಯಾಗಿ ಹೊರಬರುತ್ತದೆ ಎಂಬಷ್ಟು ಇಲ್ಲಿ ಹೇಳಬಲ್ಲೆ.

ಪೆಟ್ಟಿಗೆ ತೆರೆದಾಗ ಕಂಡದ್ದು ಬೇವಿನ ಗೊಬ್ಬರ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಮನೆ ಬಿಟ್ಟು ನವನಗರಕ್ಕೆ ಬಂದಾಗ ನಮ್ಮ ತಂದೆಯವರು ನೆಟ್ಟ ಮರದ ಕೆಳಗೇ ಈ ಕಾರು ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಕ್ಯಾಬಿನ್ ಫಿಲ್ಟರ್ ಇಲ್ಲ. ಗಾಜಿನ ಬುಡದ ಜಾಲರಿಯಿಂದ ಒಳಸೇರಿದ ಎಲೆ ಮತ್ತು ಹೂವು, ಕಾಯಿಲಿನ ಹನಿಯಲ್ಲಿ ನೆನೆದು ಕೊಳೆತು, ಕೆಳಗಿನ ಎರಡು ಸಾಲು ಅಲ್ಯೂಮಿನಿಯಂ ಉಗುರಿಗೆ ಉದುರುವಷ್ಟು ತಿಂದುಹಾಕಿದ್ದವು.

ಎರಡನೆಯ ಭಾನುವಾರ ಹೊಸ ಕಾಯಿಲ್, ಅದಕ್ಕೆ ಗ್ಯಾಸ್ ಅಳೆದು ಬಿಡುವ ಹೊಸ ಎಕ್ಸ್‌ಪ್ಯಾನ್ಷನ್ ವಾಲ್ವ್ ಕೂಡಿಸಿ, ಕಾಯಿಲಿನೊಳಗೆ ಅಂದಾಜು 30 ಮಿಲಿ ಪಿಎಜಿ ಎಂಬ ಕಂಪ್ರೆಸರ್ ಎಣ್ಣೆ ಹಾಕಿ, ಫ್ರಿಜ್ ರಿಪೇರಿಯ ಗೆಳೆಯನಿಂದ ದಿನಕ್ಕೆ 300 ರೂಪಾಯಿ ಬಾಡಿಗೆಯ, ಒಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪು ತಂದೆ. ಗೇಜಿನ ಮುಳ್ಳು ಪಾದರಸದ ಅಳತೆಯಲ್ಲಿ 28 ಇಂಚು ನಿರ್ವಾತದ ಹತ್ತಿರ ನಿಂತಿತು. ಸಮುದ್ರಮಟ್ಟಕ್ಕಿಂತ ಐದುನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ನಮ್ಮೂರಿನಲ್ಲಿ ಗಾಳಿಯ ಒತ್ತಡವೇ ಕಡಿಮೆ, 29 ಕಾಣಲೆಂದು ಕಾಯುವುದು ವ್ಯರ್ಥ. ಆದರೆ ಪಂಪು ನಿಲ್ಲಿಸಿದ ಅರ್ಧ ಗಂಟೆಯಲ್ಲಿ ಮುಳ್ಳು 20ಕ್ಕೆ ಇಳಿಯಿತು, ಎಂದರೆ ಎಲ್ಲೋ ಸೋರುತ್ತಿತ್ತು. ಎರಡು ರೂಪಾಯಿ ಉಳಿಸಲು ಹೋಗಿ ಪೈಪಿನ ಜೋಡಣೆಯ ಹಳೆಯ ಓ-ರಿಂಗನ್ನೇ (ಸೋರದಂತೆ ತಡೆಯುವ ರಬ್ಬರ್ ಬಳೆ) ಒಂದು ಕಡೆ ಬಿಟ್ಟಿದ್ದೆ. ಮೂರನೆಯ ಭಾನುವಾರ ಎಲ್ಲ ರಿಂಗುಗಳನ್ನೂ ಬದಲಿಸಿ, ಎಣ್ಣೆ ಸವರಿ ಬಿಗಿದ ಮೇಲೆ ಮುಳ್ಳು ಬೆಳಗಿನವರೆಗೆ ಅಲುಗಲಿಲ್ಲ. ಗ್ಯಾಸ್ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಬಾನೆಟ್ ಕೆಳಗಿನ ಸ್ಟಿಕರಿನಲ್ಲಿದ್ದ ತೂಕದಷ್ಟೇ ತುಂಬಿದೆ.

ಒಟ್ಟು ಖರ್ಚು ನೆನಪಿನ ಪ್ರಕಾರ 5,600 ರೂಪಾಯಿ, ತಿರುಚಿದ ಪೈಪಿನದೂ ಸೇರಿ. ಹೊರಗೆ 40 ಡಿಗ್ರಿ ಇದ್ದಾಗ ಬಾದಾಮಿಯ ದಾರಿಯಲ್ಲಿ ವೆಂಟಿಗೆ ಥರ್ಮಾಮೀಟರ್ ಸಿಕ್ಕಿಸಿ ನೋಡಿದರೆ 10-11 ತೋರಿಸಿತು. ನಕ್ಕಿದ್ದ ಹಿರಿಯರನ್ನು ಕೂರಿಸಿಕೊಂಡು ಒಂದು ಸುತ್ತು ಹೋದಾಗ ಅವರು ಮೊದಲು ಮಾಡಿದ್ದು ಡ್ಯಾಶ್‌ಬೋರ್ಡಿನ ಸ್ಕ್ರೂಗಳ ಮೇಲೆ ಬೆರಳಾಡಿಸಿ ನೋಡುವ ಕೆಲಸ.

ಎಲೆ ತಡೆಯಲು ಗಾಜಿನ ಬುಡದ ಜಾಲರಿಯ ಒಳಗೆ ಸೊಳ್ಳೆ ಪರದೆಯ ಜಾಳಿಗೆ ಕೂಡಿಸಿದ್ದೆ. ಎರಡೇ ವಾರದಲ್ಲಿ ಅದು ಧೂಳು ಕಟ್ಟಿ ಹೊರಗಿನ ಗಾಳಿಯೇ ನಿಂತುಹೋಯಿತು. ಈಗ ಜೋಳ ಸಾಣಿಸುವ ಹಳೆಯ ಜರಡಿಯ ತುಂಡನ್ನು ಕತ್ತರಿಸಿ ಹಾಕಿದ್ದೇನೆ. ಹೂವಿನ ಪುಡಿ ಇನ್ನೂ ಒಳಗಿಳಿಯುತ್ತದೆ, ಎಲೆ ಮಾತ್ರ ಮೇಲೆಯೇ ನಿಲ್ಲುತ್ತದೆ.