ಉಳಿತಾಯದ ದುಡ್ಡನ್ನು ಲೋನ್‌ಗೆ ಕಟ್ಟಬೇಡಿ, ಆಫ್‌ಸೆಟ್‌ನಲ್ಲಿ ಇಡಿ

ಹೋದ ತಿಂಗಳು ಹಾಸನದ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿ ಎರಡು ಬೆಡ್‌ರೂಮಿನ ಯೂನಿಟ್ (ಫ್ಲ್ಯಾಟ್) ತಗೊಂಡು ಇನ್ನೂ ವರ್ಷ ಆಗಿಲ್ಲ. "ಅಣ್ಣಾ, ಊರಿನ ಸೈಟ್ ಮಾರಿದ ದುಡ್ಡಿನ ಮೊದಲ ಕಂತು ಬಂತು. ಪೂರ್ತಿ ಲೋನ್‌ಗೆ ಕಟ್ಟಿಬಿಟ್ಟೆ, ಬಡ್ಡಿ ಎಷ್ಟು ಇಳೀತು ಗೊತ್ತಾ?" ಅಂದ. ಆಫ್‌ಸೆಟ್‌ಗೆ ಹಾಕಿದ್ಯಾ, ನೇರ ಲೋನ್‌ಗಾ ಅಂತ ಕೇಳಿದೆ. "ಎರಡೂ ಒಂದೇ ಅಲ್ವಾ?"

ಬಡ್ಡಿಯ ಲೆಕ್ಕಕ್ಕೆ ಎರಡೂ ಒಂದೇ. ನಾನೂ ಅದನ್ನೇ ನಂಬಿದ್ದೆ, ಅದಕ್ಕೆ ವರ್ಷ ವರ್ಷ ದುಡ್ಡು ತೆತ್ತೆ. ಹೊಸಬರು ಒಬ್ಬರಾದ ಮೇಲೆ ಒಬ್ಬರು ಇದನ್ನೇ ಮಾಡುತ್ತಿರುವುದರಿಂದ ಬರೆಯುತ್ತಿದ್ದೇನೆ.

ಆಫ್‌ಸೆಟ್ ಅಂದರೆ ಹೋಮ್ ಲೋನ್‌ಗೆ ಜೋಡಿಸಿದ ಮಾಮೂಲಿ ಖಾತೆ. ಸಂಬಳ ಅಲ್ಲಿಗೇ ಬರುತ್ತದೆ, ಕಾರ್ಡ್ ಇರುತ್ತದೆ, ಬೇಕಾದಾಗ ತೆಗೆಯಬಹುದು. 5 ಲಕ್ಷ ಡಾಲರ್ ಸಾಲ ಇದ್ದು ಆಫ್‌ಸೆಟ್‌ನಲ್ಲಿ 80 ಸಾವಿರ ಇದ್ದರೆ ಬ್ಯಾಂಕು ದಿನಾ ಬಡ್ಡಿ ಹಾಕುವುದು 4.2 ಲಕ್ಷಕ್ಕೆ ಮಾತ್ರ. ಶೇ 6 ಬಡ್ಡಿ ಅಂದರೆ ವರ್ಷಕ್ಕೆ 4,800 ಡಾಲರ್ ಉಳಿಯಿತು. ಕಂತು ಅಷ್ಟೇ ಇರುತ್ತದೆ, ಆದರೆ ಅದರಲ್ಲಿ ಅಸಲಿಗೆ ಹೋಗುವ ಪಾಲು ಜಾಸ್ತಿಯಾಗಿ ಸಾಲ ಬೇಗ ತೀರುತ್ತದೆ. ಅದೇ 80 ಸಾವಿರವನ್ನು ಶೇ 5ರ ಸೇವಿಂಗ್ಸ್ ಖಾತೆಯಲ್ಲಿ ಇಟ್ಟರೆ ಬರುವುದು 4,000. ಅದು ಆದಾಯ, ಹಾಗಾಗಿ ತೆರಿಗೆ ಬೀಳುತ್ತದೆ. ಶೇ 30ರ ಹಂತದಲ್ಲಿದ್ದರೆ ಮೆಡಿಕೇರ್ (ಸರ್ಕಾರಿ ಆರೋಗ್ಯ ಯೋಜನೆಯ ತೆರಿಗೆ) ಶೇ 2 ಸೇರಿ 1,280 ಹೋಗಿ ಕೈಗೆ ಸಿಗುವುದು 2,720. ಆಫ್‌ಸೆಟ್‌ನಲ್ಲಿ ಉಳಿದ ಬಡ್ಡಿಗೆ ತೆರಿಗೆಯೇ ಇಲ್ಲ, ಯಾಕೆಂದರೆ ಅದು ಆದಾಯವಲ್ಲ. ಎನ್‌ಆರ್‌ಇ ಎಫ್‌ಡಿಗೆ (ಅನಿವಾಸಿಗಳು ಊರಿನ ಬ್ಯಾಂಕಿನಲ್ಲಿ ಇಡುವ ಠೇವಣಿ) ಭಾರತದಲ್ಲಿ ತೆರಿಗೆ ಇಲ್ಲ ಅಂತ ದುಡ್ಡನ್ನು ಅಲ್ಲೇ ಬಿಟ್ಟವರೂ ಗಮನಿಸಿ, ಪಿಆರ್ (ಇಲ್ಲಿನ ಕಾಯಂ ವಾಸದ ವೀಸಾ) ಆದಮೇಲೆ ಆ ಬಡ್ಡಿಯನ್ನೂ ಇಲ್ಲಿ ತೋರಿಸಬೇಕು.

ಈಗ ನನ್ನ ಕಥೆ.

2016ರಲ್ಲಿ ವೆಸ್ಟ್‌ಮೀಡ್‌ನಲ್ಲಿ ಯೂನಿಟ್ ತಗೊಂಡೆವು. ಸಾಲ 4.8 ಲಕ್ಷ. ನಾಲ್ಕು ವರ್ಷ ಇಬ್ಬರೂ ದುಡಿದು ಉಳಿಸಿದ್ದು 1.4 ಲಕ್ಷ, ಎಲ್ಲವನ್ನೂ ಲೋನ್‌ಗೇ ಹೆಚ್ಚುವರಿಯಾಗಿ ಕಟ್ಟಿದೆ. ಬೇಕಾದಾಗ ವಾಪಸ್ ತೆಗೆಯಲು ರಿಡ್ರಾ ಇದೆಯಲ್ಲ ಅನ್ನುವ ಧೈರ್ಯ. ರಾತ್ರಿ ಮಲಗುವ ಮುಂಚೆ ಬ್ಯಾಂಕಿನ ಆ್ಯಪ್ ತೆರೆದು ಆ ರಿಡ್ರಾ ಮೊತ್ತ ನೋಡುತ್ತಿದ್ದೆ. ಅದು ನನ್ನದೇ ದುಡ್ಡು ಅಂತಲೇ ತಿಳಿದಿದ್ದೆ. 2020ರಲ್ಲಿ ಎರಡನೇ ಮಗು ಆಯಿತು, ಯೂನಿಟ್ ಚಿಕ್ಕದಾಯಿತು. ದೊಡ್ಡ ಮನೆ ನೋಡಿದೆವು, ಯೂನಿಟ್ಟನ್ನು ಮಾರದೆ ಬಾಡಿಗೆಗೆ ಕೊಟ್ಟೆವು, ಹೊಸ ಮನೆಯ ಡೆಪಾಸಿಟ್‌ಗೆ ಆ 1.4 ಲಕ್ಷವನ್ನು ರಿಡ್ರಾ ಮಾಡಿದೆ. ಬಾಡಿಗೆ ಮನೆಯ ಸಾಲದ ಬಡ್ಡಿಯನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದು ಅಂತ ಎಲ್ಲರಿಗೂ ಗೊತ್ತು. ಯೂನಿಟ್ಟಿನ ಮೇಲೆ ಮತ್ತೆ 4.8 ಲಕ್ಷ ಸಾಲ ಇದೆ, ಪೂರ್ತಿ ಬಡ್ಡಿ ಕಳೆಯಬಹುದು ಅಂದುಕೊಂಡಿದ್ದೆ. (ಲೆಕ್ಕ ಸುಲಭವಾಗಲಿ ಅಂತ ಕಂತಿನಲ್ಲಿ ತೀರಿದ ಅಸಲನ್ನು ಬಿಟ್ಟಿದ್ದೇನೆ.)

ಮುಂದಿನ ಜುಲೈನಲ್ಲಿ ಅಕೌಂಟೆಂಟ್ ಮುಂದೆ ಕೂತಾಗ ಅವರು ಸ್ಟೇಟ್‌ಮೆಂಟಿನಲ್ಲಿ ಆ ರಿಡ್ರಾ ಇದ್ದ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು, ಈ ದುಡ್ಡು ಏನು ಮಾಡಿದಿರಿ ಅಂತ ಕೇಳಿದರು. ಹೊಸ ಮನೆಗೆ ಹಾಕಿದೆ ಅಂದೆ. ಪಕ್ಕದಲ್ಲೇ 3.4 ಅಂತ ಒಂದು ಕಡೆ, 1.4 ಅಂತ ಇನ್ನೊಂದು ಕಡೆ ಬರೆದರು. ಬಡ್ಡಿ ಕಳೆಯಬಹುದಾದ್ದು ಮೊದಲನೆಯದಕ್ಕೆ ಮಾತ್ರ.

ಎಟಿಒ (ಇಲ್ಲಿನ ತೆರಿಗೆ ಇಲಾಖೆ) ಕಣ್ಣಿನಲ್ಲಿ ಲೋನ್‌ಗೆ ಕಟ್ಟಿದ ದುಡ್ಡು ಕಟ್ಟಿದ ಹಾಗೆಯೇ. ಅಷ್ಟು ಸಾಲ ತೀರಿತು. ರಿಡ್ರಾ ಮಾಡಿದರೆ ಅದು ಹೊಸ ಸಾಲ. ಆ ಹೊಸ ಸಾಲವನ್ನು ಯಾತಕ್ಕೆ ಬಳಸಿದಿರಿ ಅನ್ನುವುದೊಂದೇ ಪ್ರಶ್ನೆ. ಯಾವ ಮನೆ ಅಡ ಇದೆ ಅನ್ನುವುದು ಲೆಕ್ಕಕ್ಕಿಲ್ಲ. ನಾನು ಬಳಸಿದ್ದು ನಾವೇ ವಾಸ ಮಾಡುವ ಮನೆಗೆ, ಅದರ ಬಡ್ಡಿಗೆ ಇಲ್ಲಿ ಒಂದು ಡಾಲರ್ ವಿನಾಯಿತಿಯೂ ಇಲ್ಲ. ಅದೇ 1.4 ಲಕ್ಷ ಆಫ್‌ಸೆಟ್‌ನಲ್ಲಿ ಇದ್ದಿದ್ದರೆ? ಅದು ನನ್ನ ಉಳಿತಾಯ, ತೆಗೆದರೆ ಸಾಲ ಮಾಡಿದ ಹಾಗಲ್ಲ. ಯೂನಿಟ್ ಕೊಳ್ಳಲು ತಂದ 4.8 ಲಕ್ಷ ಹಾಗೇ ಇರುತ್ತಿತ್ತು, ಪೂರ್ತಿ ಬಡ್ಡಿ ಕಳೆಯಬಹುದಿತ್ತು.

ಆಗ ಬಡ್ಡಿ ಶೇ 3ರ ಆಸುಪಾಸು ಇತ್ತು, ಬಿಸಿ ಅಷ್ಟು ತಟ್ಟಲಿಲ್ಲ. 2022ರ ಮೇ ತಿಂಗಳಿಂದ ಇಲ್ಲಿನ ರಿಸರ್ವ್ ಬ್ಯಾಂಕ್ ದರ ಏರಿಸುತ್ತಾ ಹೋಗಿ ಶೇ 0.10 ಇದ್ದದ್ದು 2023ರ ನವೆಂಬರ್‌ಗೆ 4.35 ಮುಟ್ಟಿತು. ನನ್ನ ಲೋನ್ ಶೇ 6 ದಾಟಿತು. 1.4 ಲಕ್ಷಕ್ಕೆ ವರ್ಷಕ್ಕೆ 8,400 ಡಾಲರ್ ಬಡ್ಡಿ, ತೆರಿಗೆಯಲ್ಲಿ ಸಿಗಬೇಕಾಗಿದ್ದ ಹತ್ತಿರ ಹತ್ತಿರ 3 ಸಾವಿರ ಪ್ರತಿ ವರ್ಷ ಕೈತಪ್ಪಿತು. ಮಗುವಿನ ಚೈಲ್ಡ್‌ಕೇರ್ ಬಿಲ್ ಕಟ್ಟುವಾಗಲೆಲ್ಲ ಆ 3 ಸಾವಿರ ನೆನಪಾಗುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಸರಿ, ಆ 1.4 ಲಕ್ಷವನ್ನು ಮೊದಲು ತೀರಿಸಿಬಿಡೋಣ ಅಂದರೆ ಅದೂ ಆಗುವುದಿಲ್ಲ. ಎರಡು ಉದ್ದೇಶ ಬೆರೆತ ಸಾಲಕ್ಕೆ ಏನೇ ಕಟ್ಟಿದರೂ ಎರಡು ಪಾಲಿಗೂ ಹಂಚಿಹೋಗುತ್ತದೆ. ಬ್ಯಾಂಕಿಗೆ ಹೇಳಿ ಲೋನನ್ನು ಅದೇ ಪ್ರಮಾಣದಲ್ಲಿ ಎರಡು ಭಾಗ ಮಾಡಿಸಿಕೊಂಡರೆ ಮಾತ್ರ ಒಂದನ್ನು ಬೇರೆಯಾಗಿ ತೀರಿಸಬಹುದು. ಅದಕ್ಕೆ ಬೇಕಾಗಿದ್ದು ಒಂದು ಫಾರ್ಮು, ಎರಡು ಸಹಿ. ನನಗೆ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ.

ರಿಡ್ರಾ ಬಗ್ಗೆ ಇನ್ನೂ ಒಂದು ಭಯ ಇದೆ. ಆ ದುಡ್ಡು ತೆಗೆಯಲು ಬ್ಯಾಂಕಿನ ಷರತ್ತು ಅನ್ವಯ. 2020ರಲ್ಲಿ ಇಲ್ಲಿನ ಒಂದು ಬ್ಯಾಂಕು ಮುಂಚಿತವಾಗಿ ತಿಳಿಸದೆ ಎಷ್ಟೋ ಗ್ರಾಹಕರ ರಿಡ್ರಾ ಮಿತಿ ಇಳಿಸಿತು, ದೊಡ್ಡ ಗಲಾಟೆಯಾದ ಮೇಲೆ ಹಿಂದೆ ಸರಿಯಿತು. ಆಫ್‌ಸೆಟ್ ಹಾಗಲ್ಲ, ಅದು ಠೇವಣಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 2.5 ಲಕ್ಷ ಡಾಲರ್ ತನಕ ಸರ್ಕಾರದ ಖಾತ್ರಿ ಇದೆ.

ಭಾರತದಲ್ಲೂ ಎಸ್‌ಬಿಐನ ಮ್ಯಾಕ್ಸ್‌ಗೇನ್ ಇಂಥದ್ದೇ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಅನ್ನುವ ನಿಯಮವೂ ಅಲ್ಲಿದೆ, ಅದು ತುಂಬ ಒಳ್ಳೆಯದು. ಆದರೂ ಸಂಬಳದ ಖಾತೆಯೇ ದಿನಾ ಬಡ್ಡಿ ಇಳಿಸುವ ಇಲ್ಲಿನ ಏರ್ಪಾಡು ನನಗೆ ಮೇಲು ಅನ್ನಿಸುತ್ತದೆ. ಊರಿನಿಂದ ರಾತ್ರೋರಾತ್ರಿ ಫೋನ್ ಬಂದರೆ ದುಡ್ಡು ಕೈಯಲ್ಲೇ ಇರುತ್ತದೆ. ಒಂದು ಮಾತು, ಆಫ್‌ಸೆಟ್ ಇರುವ ಪ್ಯಾಕೇಜಿಗೆ ಬ್ಯಾಂಕು ವರ್ಷಕ್ಕೆ 400 ಡಾಲರ್ ಶುಲ್ಕ ಹಾಕುತ್ತಿದ್ದು, ನಿಮ್ಮ ಉಳಿತಾಯ 5 ಸಾವಿರ ಅಷ್ಟೇ ಇದ್ದರೆ ಶೇ 6ರಲ್ಲಿ ಉಳಿಯುವುದು 300. ಆಗ ಬೇಡ. ಫಿಕ್ಸೆಡ್ (ಬಡ್ಡಿ ಬದಲಾಗದ) ಲೋನ್‌ಗೆ ಸಾಮಾನ್ಯವಾಗಿ ಆಫ್‌ಸೆಟ್ ಸಿಗುವುದೇ ಇಲ್ಲ, ಸಹಿ ಹಾಕುವ ಮುಂಚೆ ಕೇಳಿ.

ಖಾತೆಗೆ ಆಫ್‌ಸೆಟ್ ಅಂತ ಹೆಸರಿದ್ದರೆ ಸಾಲದು, ಲೋನ್‌ಗೆ ಜೋಡಣೆ ಆಗಿರಬೇಕು. ನನ್ನ ಗೆಳೆಯನದು ಎಂಟು ತಿಂಗಳು ಜೋಡಣೆಯೇ ಆಗಿರಲಿಲ್ಲ. ಮೊದಲ ತಿಂಗಳ ಸ್ಟೇಟ್‌ಮೆಂಟ್ ತೆಗೆದು ಲೆಕ್ಕ ಹಾಕಿ. ಮೇಲಿನ ಉದಾಹರಣೆಯಲ್ಲಿ 30 ದಿನಕ್ಕೆ ಬಡ್ಡಿ 2,071ರ ಹತ್ತಿರ ಇರಬೇಕು. 2,466 ಅಂತ ಇದ್ದರೆ ಜೋಡಣೆ ಆಗಿಲ್ಲ, ಅವತ್ತೇ ಫೋನ್ ಮಾಡಿ.

ಹಾಸನದ ಹುಡುಗ, "ಹಾಗಾದ್ರೆ ಈಗಲೇ ರಿಡ್ರಾ ಮಾಡಿ ಆಫ್‌ಸೆಟ್‌ಗೆ ಹಾಕಿಬಿಡ್ಲಾ?" ಅಂತ ಕೇಳಿದ. ಬೇಡಪ್ಪ, ಹಾಗೆ ತೆಗೆದರೂ ಅದು ಹೊಸ ಸಾಲವೇ, ಕಟ್ಟಿದ್ದು ಕಟ್ಟಿದ ಹಾಗೇ ಇರಲಿ, ಯಾವುದಕ್ಕೂ ಕೈ ಹಾಕುವ ಮುಂಚೆ ಟ್ಯಾಕ್ಸ್ ಏಜೆಂಟ್ ಹತ್ತಿರ ಒಂದು ಸಲ ಕೂತು ಮಾತಾಡು ಅಂದೆ. ಸೈಟಿನ ದುಡ್ಡಿನ ಎರಡನೇ ಕಂತು ಡಿಸೆಂಬರ್‌ನಲ್ಲಿ ಬರುತ್ತದಂತೆ. ಅಷ್ಟರೊಳಗೆ ಆಫ್‌ಸೆಟ್ ತೆರೆದು, ಜೋಡಣೆ ಆಗಿದೆಯಾ ಅಂತ ಸ್ಟೇಟ್‌ಮೆಂಟ್ ನನಗೆ ಕಳಿಸುತ್ತೇನೆ ಅಂದಿದ್ದಾನೆ.