ಮೊದಲು ಸದ್ದು ಕೊಂಡೆ, ಟೈರ್ ನೆನಪಾಗಿದ್ದು ಆಮೇಲೆ

ಸ್ಪೋರ್ಟಿ ಹ್ಯಾಚ್‌ಬ್ಯಾಕ್ ತಗೊಂಡು ಮೂರು ತಿಂಗಳೂ ಆಗಿರಲಿಲ್ಲ, ಸೈಲೆನ್ಸರ್ ಬದಲಿಸಿದೆ. ಅದರ ಹಿಂದೆಯೇ ಓಪನ್ ಏರ್ ಫಿಲ್ಟರ್ ಕೂರಿಸಿದೆ. ಸದ್ದು ಜೋರಾಯಿತು, ಓಟ ಮಾತ್ರ ಮೊದಲಿನಷ್ಟೇ. ನನ್ನದು ಟರ್ಬೊ ಇಲ್ಲದ ಎಂಜಿನ್. ಇವೆರಡರಿಂದ ಅದಕ್ಕೆ ಸಿಗುವ ಶಕ್ತಿ ಓಡಿಸುವವನಿಗೆ ಗೊತ್ತಾಗುವಷ್ಟು ಇರಲ್ಲ. ಮೇಲಾಗಿ ಫಿಲ್ಟರ್ ಬಾನೆಟ್ ಒಳಗೆ ಬಯಲಾಗಿ ಕೂತು ಎಂಜಿನ್‌ನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು, ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೊರಟರೆ ಗಾಡಿ ಮೊದಲಿಗಿಂತ ಮಂದ ಅನ್ನಿಸುತ್ತಿತ್ತು.

ಆಮೇಲೆ ವೀಲ್. ಕಂಪನಿಯಿಂದ ಬಂದಿದ್ದು 205/55 ಆರ್16, ಅಂದರೆ ಟೈರಿನ ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 55, ರಿಮ್ 16 ಇಂಚು. ನಾನು 225/40 ಆರ್18 ಹಾಕಿಸಿದೆ. ಒಟ್ಟು ವ್ಯಾಸ 5 ಮಿಲಿಮೀಟರ್ ಅಷ್ಟೇ ಹೆಚ್ಚು, ಸ್ಪೀಡೋಮೀಟರ್ ಸರಿಯಾಗೇ ಇತ್ತು, ಅಷ್ಟು ಲೆಕ್ಕ ಹಾಕಿದ್ದೆ. ಹಾಕದೆ ಬಿಟ್ಟ ಲೆಕ್ಕ ಎರಡು. ಒಂದು, ಟೈರಿನ ಪಕ್ಕದ ಗೋಡೆ ಸುಮಾರು 113 ಮಿಲಿಮೀಟರ್‌ನಿಂದ 90ಕ್ಕೆ ಇಳಿದಿತ್ತು. ಎರಡನೇ ವಾರವೇ ಒಂದು ಗುಂಡಿಗೆ ಬಿದ್ದು ರಿಮ್ ಸೊಟ್ಟಗಾಯಿತು. ಇನ್ನೊಂದು ಆಫ್‌ಸೆಟ್, ಅಂದರೆ ರಿಮ್‌ನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನೋ ಅಳತೆ; ರಿಮ್ ಮೇಲೆ ಇಟಿ ಅಂತ ಬರೆದಿರುತ್ತದೆ. ಇಟಿ45 ಬೇಕಾದ ಕಡೆ ಇಟಿ35 ಹಾಕಿದ್ದೆ, ಅಂದರೆ ಚಕ್ರ 10 ಮಿಲಿಮೀಟರ್ ಹೊರಗೆ ಬಂದಿತ್ತು. ಹಿಂದೆ ಇಬ್ಬರು ಕೂತರೆ ಸಾಕು, ಫೆಂಡರ್‌ಗೆ ಉಜ್ಜುತ್ತಿತ್ತು.

ಕೊನೆಗೆ ಹಳೇ 16 ಇಂಚಿನ ರಿಮ್‌ಗಳನ್ನೇ ವಾಪಸ್ ಹಾಕಿ, ಅದೇ ಅಳತೆಯಲ್ಲಿ ಒಳ್ಳೆ ಹಿಡಿತದ ಟೈರ್ ತಂದೆ. ಮೊದಲ ಮಳೆಯಲ್ಲೇ ಗೊತ್ತಾಯಿತು. ಇದನ್ನೇ ಮೊದಲು ಮಾಡಬೇಕಿತ್ತು ಅಲ್ವಾ! ಅಂದಹಾಗೆ ಟೈರ್ ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ: 2324 ಅಂತಿದ್ದರೆ 2024ರ 23ನೇ ವಾರ ತಯಾರಾಗಿದ್ದು. ಡಿಸ್ಕೌಂಟ್‌ನಲ್ಲಿ ಕೊಡುವುದು ಕೆಲವೊಮ್ಮೆ ಹಳೇ ಸ್ಟಾಕ್.

ಬ್ರೇಕ್ ವಿಷಯದಲ್ಲಿ ಬಚಾವಾದೆ. ಉದ್ದದ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗಿ ಗಾಬರಿಯಾಗಿತ್ತು. ದೊಡ್ಡ ಡಿಸ್ಕ್‌ನ ಕಿಟ್ ಹಾಕಿಸು ಅಂತ ಒಂದು ಗ್ಯಾರೇಜ್‌ನವರು ಹೇಳಿದರು. ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿತ್ತು, ಅಂದರೆ ಚಕ್ರ ಲಾಕ್ ಮಾಡುವಷ್ಟು ಬಲ ಬ್ರೇಕಿಗೆ ಇದ್ದೇ ಇದೆ, ತೊಂದರೆ ಇದ್ದಿದ್ದು ಬಿಸಿಯಲ್ಲಿ. ಬ್ರೇಕ್ ಆಯಿಲ್ ನೋಡಿದರೆ ವರ್ಷಗಳ ಹಳೇದು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ: ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155. ಕುದ್ದರೆ ಆವಿಯ ಗುಳ್ಳೆ, ಪೆಡಲ್ ಸ್ಪಂಜ್. ಹೊಸ ಆಯಿಲ್, ರಸ್ತೆಗೆ ಮಾಡಿದ ಒಳ್ಳೆ ಪ್ಯಾಡ್, ಇಷ್ಟರಲ್ಲೇ ಮುಗಿಯಿತು. ರೇಸ್ ಟ್ರ್ಯಾಕ್‌ಗೆ ಮಾಡಿದ ಪ್ಯಾಡ್ ಬೇಡ, ಅಂಥ ಹಲವು ಪ್ಯಾಡ್‌ಗಳು ಬಿಸಿಯಾಗುವ ತನಕ ಸರಿಯಾಗಿ ಹಿಡಿಯಲ್ಲ. ಬೆಳಗ್ಗೆ ಮನೆಯಿಂದ ಹೊರಟ ಮೊದಲ ತಿರುವಿನಲ್ಲಿ ಅದು ಒಳ್ಳೆ ಸುದ್ದಿ ಅಲ್ಲ.

ಸಸ್ಪೆನ್ಷನ್‌ಗೆ ಮೊದಲು ಬರೀ ಗಿಡ್ಡ ಸ್ಪ್ರಿಂಗ್ ಹಾಕಿ ಹಳೇ ಶಾಕ್ ಅಬ್ಸಾರ್ಬರ್ ಹಾಗೇ ಬಿಟ್ಟಿದ್ದೆ. ನೋಡೋಕೆ ಚೆಂದ, ಆದರೆ ಪ್ರತಿ ಉಬ್ಬಿಗೂ ಬಂಪ್ ಸ್ಟಾಪ್‌ಗೆ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್ ತುಂಡು) ಬಡಿದು ಸೊಂಟ ಹಿಡಿಯುತ್ತಿತ್ತು. ಈಗ ಸ್ಪ್ರಿಂಗ್‌ಗೆ ಹೊಂದುವ ಶಾಕ್ ಅಬ್ಸಾರ್ಬರ್ ಇದೆ, ಗಾಡಿ ಇಳಿದಿರುವುದು 20 ಮಿಲಿಮೀಟರ್ ಅಷ್ಟೇ. ಇಳಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲು ಸೋಮಾರಿತನ ಮಾಡಿದ್ದಕ್ಕೆ ಆ ಹೊಸ ಟೈರಿನ ಒಳಅಂಚು ಸವೆದುಹೋಯಿತು. ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಅಂದುಕೊಂಡಿದ್ದೆ, ಅಳೆದಾಗ ಕೆಟ್ಟಿದ್ದು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ).

ಏರ್ ಫಿಲ್ಟರ್ ಈಗ ಕಂಪನಿಯದೇ. ಸೈಲೆನ್ಸರ್ ಮಾತ್ರ ತೆಗೆದಿಲ್ಲ. ಹೆದ್ದಾರಿಯಲ್ಲಿ 2,500 ಆರ್‌ಪಿಎಂ ಹತ್ತಿರ ಗುಂಯ್ ಅಂತ ತಲೆ ತಿನ್ನುತ್ತದೆ, ಮನೆಯವರು ದಿನಾ ಬೈಯುತ್ತಾರೆ, ಆದರೂ ಸುಮ್ನೆ ಇಟ್ಟುಕೊಂಡಿದ್ದೀನಿ.