ಕಿರ್ದಿ ಬರೆದರೆ ಸಾಕು: ನನ್ನ ಪ್ರಾಜೆಕ್ಟ್ ಆ್ಯಪ್ ಮಾಡಿಕೊಂಡ ಅನುಭವ

ನಾನು ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವನು. ಪ್ರೋಗ್ರಾಮಿಂಗ್ ಕಲಿತದ್ದು ಸುಮ್ನೆ ಆಸಕ್ತಿಗೆ. ಸ್ವಂತದ ಕೆಲಸ ಅಂತ ಮೂರ್ನಾಲ್ಕು ಯಾವಾಗಲೂ ಕೈಯಲ್ಲಿರುತ್ತವೆ. ನಮ್ಮ ಕಡೆಯ ಅಶೋಕನ ಶಾಸನಗಳ ಫೋಟೊ ತೆಗೆಯುವುದು, ಅಮ್ಮನ ಅಡುಗೆಗಳನ್ನು ಬರೆದಿಡುವುದು, ತಾತನ ರೇಡಿಯೊ ರಿಪೇರಿ, ಹೀಗೆ. ಯಾವುದು ಎಲ್ಲಿಗೆ ಬಂದು ನಿಂತಿದೆ ಅನ್ನೋದೇ ಮರೆತುಹೋಗುತ್ತಿತ್ತು. ಅದಕ್ಕೇ ಒಂದು ವೆಬ್ ಆ್ಯಪ್ ಮಾಡಿಕೊಂಡೆ.

ಅಂಗಡಿಯ ಹುಡುಗ ಅದನ್ನು ನೋಡಿ ಕೇಳಿದ ಮೊದಲ ಪ್ರಶ್ನೆ: "ಎಷ್ಟು ಪರ್ಸೆಂಟ್ ಆಗ್ಯದ ಅಂತ ಎಲ್ಲಿ ತೋರಸ್ತದರಿ ಅಣ್ಣಾ?"

ಎಲ್ಲೂ ತೋರಿಸಲ್ಲ. ಬೇಕಂತಲೇ ಬಿಟ್ಟಿದ್ದೇನೆ.

ಶಾಸನಗಳನ್ನೇ ತೆಗೆದುಕೊಳ್ಳಿ. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ. ಐದರಲ್ಲಿ ಮೂರು ನೋಡಿದರೆ 60 ಪರ್ಸೆಂಟ್, ಲೆಕ್ಕ ಸರಿಯಾಗಿಯೇ ಇದೆ. ಆದರೆ 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರೇ ಇದೆಯಲ್ಲ, ಆ ಸಾಲನ್ನು ನಾನೇ ಓದಬೇಕು ಅನ್ನಿಸಿತು. ಅದನ್ನು ಕೆತ್ತಿರುವ ಬ್ರಾಹ್ಮಿ ಅಕ್ಷರ ಕಲಿಯುವ ಕೆಲಸವೂ ಸೇರಿಕೊಂಡಿತು. ಕೆಲಸ ಮುಂದೆ ಹೋದಂತೆ ಪರ್ಸೆಂಟ್ ಹಿಂದಕ್ಕೆ ಬಂತು! ಇನ್ನು ಅಮ್ಮನ ಅಡುಗೆ ಒಟ್ಟು ಎಷ್ಟಿವೆ ಅಂತ ಅಮ್ಮನಿಗೇ ಗೊತ್ತಿಲ್ಲ. ಒಟ್ಟು ಎಷ್ಟು ಅಂತ ಗೊತ್ತಿಲ್ಲದ ಮೇಲೆ ಪರ್ಸೆಂಟ್ ಎಲ್ಲಿಂದ ತರೋದು?

ಹಾಗಾಗಿ ನನಗೆ ಗೊತ್ತಿರುವ ದಾರಿಯನ್ನೇ ಹಿಡಿದೆ. ಅಂಗಡಿಯಲ್ಲಿ ಕಿರ್ದಿ ಬರೆಯುತ್ತೇವೆ. ಆಯಾ ದಿನದ ವ್ಯವಹಾರ ಆಯಾ ದಿನವೇ, ಬರೆದದ್ದನ್ನು ಅಳಿಸುವ ಹಾಗಿಲ್ಲ. ಯಾರದು ಎಷ್ಟು ಬಾಕಿ ಅನ್ನೋದು ಅದರಿಂದಲೇ ಖಾತೆಗೆ ಏರುತ್ತದೆ. ಆ್ಯಪ್ ಕೂಡ ಹಾಗೇ. ಡೇಟಾಬೇಸ್‌ನಲ್ಲಿ ಎರಡೇ ಟೇಬಲ್: ಒಂದು ಪ್ರಾಜೆಕ್ಟ್‌ಗಳ ಹೆಸರಿಗೆ, ಇನ್ನೊಂದು ನಮೂದುಗಳಿಗೆ. ನಮೂದಿನಲ್ಲಿ ತಾರೀಖು, "ಏನಾಯ್ತು" ಅಂತ ಒಂದು ಸಾಲು, "ಮುಂದೇನು" ಅಂತ ಒಂದು ಸಾಲು. "ಮುಂದೇನು" ಖಾಲಿ ಬಿಟ್ಟರೆ ಸೇವ್ ಆಗಲ್ಲ. ರೇಡಿಯೊದ್ದು ಒಂದು ನಮೂದು ಹೀಗಿದೆ: "ಹಿಂದಿನ ಮುಚ್ಚಳ ಬಿಚ್ಚಿದೆ, ಸ್ಪೀಕರ್ ವೈರ್ ಕಡಿದಿದೆ. ಮುಂದೇನು: ಸಾಲ್ಡರಿಂಗ್ ಲೆಡ್ ತರಬೇಕು." ತಿಂಗಳು ಬಿಟ್ಟು ಬಂದು ನೋಡಿದರೂ ಎಲ್ಲಿಂದ ಶುರು ಮಾಡಬೇಕು ಅಂತ ತಲೆ ಕೆರೆದುಕೊಳ್ಳಬೇಕಿಲ್ಲ, ಅಲ್ವಾ?

ಮುಖಪುಟದಲ್ಲಿ ಪ್ರತಿ ಪ್ರಾಜೆಕ್ಟ್‌ನ ಕೊನೆಯ ತಾರೀಖು ಮತ್ತು ಕೊನೆಯ "ಮುಂದೇನು" ಮಾತ್ರ ಕಾಣುತ್ತದೆ. ಕೈ ಹಾಕದೆ ಜಾಸ್ತಿ ದಿನ ಆದದ್ದು ಮೇಲೆ ಬರುತ್ತದೆ. ಕೆಂಪು ಬಣ್ಣ, ಎಚ್ಚರಿಕೆ ಗಂಟೆ ಏನೂ ಇಲ್ಲ. ಬಾಕಿ ವಸೂಲಿ ಅಂಗಡಿಯಲ್ಲೇ ಸಾಕಷ್ಟಿದೆ.

ಮಾಡಿದ್ದು ಪೈಥಾನ್‌ನ ಫ್ಲಾಸ್ಕ್ (ವೆಬ್ ಆ್ಯಪ್ ಕಟ್ಟುವ ಚಿಕ್ಕ ಚೌಕಟ್ಟು) ಮತ್ತು ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್‌ನಲ್ಲಿ. ಎಸ್‌ಕ್ಯೂಲೈಟ್‌ಗೆ ಬೇರೆ ಸರ್ವರ್ ಬೇಡ, ಡೇಟಾ ಎಲ್ಲ ಒಂದೇ ಫೈಲ್‌ನಲ್ಲಿರುತ್ತದೆ. ಮನೆಯ ಹಳೆ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ಫೋನಿನಿಂದ ವೈಫೈ ಮೂಲಕ ತೆರೆಯುತ್ತೇನೆ.

ತಾರೀಖಿನ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ನಮ್ಮೂರಲ್ಲಿ ಬೇಸಿಗೆ ಬಂತೆಂದರೆ ಮನೆಕೆಲಸ ಏನಿದ್ದರೂ ಬಿಸಿಲೇರುವ ಮೊದಲೇ. ನಾನು ನಮೂದು ಬರೆಯುವುದು ಬೆಳಗ್ಗೆ ಐದಕ್ಕೆ. ಜಾವಾಸ್ಕ್ರಿಪ್ಟ್‌ನಲ್ಲಿ ತಾರೀಖು ಬರೆಯಲು ಎಲ್ಲರೂ ಬಳಸುವ ಟು-ಐಎಸ್ಒ-ಸ್ಟ್ರಿಂಗ್ ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗ್ಗೆ ಐದಕ್ಕೆ ಅದರ ಪ್ರಕಾರ ಇನ್ನೂ ನಿನ್ನೆ ರಾತ್ರಿ 11:30. ಎಸ್‌ಕ್ಯೂಲೈಟ್‌ನಲ್ಲಿ ಈಗಿನ ಸಮಯ ಕೊಡುವ "ನೌ" ಕೂಡ ಯುಟಿಸಿಯೇ. "ಲೋಕಲ್‌ಟೈಮ್" ಅಂತ ಸೇರಿಸಿದರೆ ಮಾತ್ರ ನಮ್ಮ ತಾರೀಖು. ನಾನು ಫೋನಿನಲ್ಲೇ ವರ್ಷ, ತಿಂಗಳು, ದಿನ ಬೇರೆ ಬೇರೆ ತೆಗೆದು ಜೋಡಿಸಿ ಕಳಿಸುತ್ತೇನೆ.

ಇನ್ನೊಂದು ಕರೆಂಟ್. ಅದು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ರೂಟರ್ ನಡೆಯಲ್ಲ, ಫೋನಿಗೆ ಲ್ಯಾಪ್‌ಟಾಪ್ ಸಿಗಲ್ಲ. ಸಂಪರ್ಕ ಇಲ್ಲದಾಗಲೂ ಪೇಜ್ ತೆರೆಯುವ ಹಾಗೆ ಮಾಡುವ ಸರ್ವಿಸ್ ವರ್ಕರ್ ಹಾಕೋಣ ಅಂದರೆ ಅದಕ್ಕೆ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಬೇಕು. ಮನೆಯೊಳಗಿನ ಬರೀ ಐಪಿ ವಿಳಾಸಕ್ಕೆ ಒಪ್ಪಲ್ಲ. ಬ್ರೌಸರ್‌ನಲ್ಲೇ ಡೇಟಾ ಇಟ್ಟುಕೊಳ್ಳುವ ಲೋಕಲ್ ಸ್ಟೋರೇಜ್‌ಗೆ ಆ ತಕರಾರಿಲ್ಲ. ಹಾಗಾಗಿ ಪೇಜ್ ತೆರೆದೇ ಇಟ್ಟಿರುತ್ತೇನೆ. ಕಳಿಸಲು ಆಗದ ನಮೂದು ಫೋನಿನಲ್ಲೇ ಉಳಿದು, ಆಮೇಲೆ ಹೋಗುತ್ತದೆ. ಒಂದೇ ನಮೂದು ಎರಡು ಸಲ ಬಂದರೆ? ಪ್ರತಿ ನಮೂದಿಗೂ ಫೋನಿನಲ್ಲೇ ಒಂದು ನಂಬರ್ ಕೊಟ್ಟಿರುತ್ತೇನೆ. ಆ ನಂಬರ್ ಆಗಲೇ ಇದ್ದರೆ ಡೇಟಾಬೇಸ್ ಎರಡನೆಯದನ್ನು ಸುಮ್ಮನೆ ಬಿಡುತ್ತದೆ.

ಅದೇ ಹುಡುಗ ಈಗ ತನ್ನ ಪರೀಕ್ಷೆ ಓದಿಗೂ ಇದು ಬೇಕು ಅಂತಾನೆ. ಇಬ್ಬರು ಬಳಸುವುದಾದರೆ ಲಾಗಿನ್ ಬೇಕು, ಪಾಸ್‌ವರ್ಡ್ ಹ್ಯಾಶ್ ಮಾಡಿಡಬೇಕು (ಮರಳಿ ಓದಲಾಗದ ರೂಪಕ್ಕೆ ಬದಲಿಸಿಡಬೇಕು), ಒಬ್ಬರದು ಇನ್ನೊಬ್ಬರಿಗೆ ಕಾಣದ ಹಾಗೆ ನೋಡಿಕೊಳ್ಳಬೇಕು. ಅಷ್ಟೆಲ್ಲ ಯಾಕೆ ಅಂತ ಫೋಲ್ಡರನ್ನೇ ಕಾಪಿ ಮಾಡಿ, ನನ್ನ ಡೇಟಾಬೇಸ್ ಫೈಲ್ ತೆಗೆದು, ಅವನ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟೆ. ಪರ್ಸೆಂಟ್ ಬೇಕಿದ್ದರೆ ಅವನೇ ಸೇರಿಸಿಕೊಳ್ಳಲಿ. ಸಿಲಬಸ್‌ಗೆ ಒಟ್ಟು ಎಷ್ಟು ಅಂತ ಲೆಕ್ಕ ಇರುತ್ತದಲ್ಲ.